ಪೋಷಕರ ಸಹಿ

ಎರಡನೇ ವರ್ಷದ ಬಿ.ಇಡಿ. ಶಾಲಾನುಭವಕ್ಕೆ ನನಗೆ ಸಿಕ್ಕಿದ್ದು ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ. ನನ್ನ ಬೋಧನಾ ವಿಷಯಗಳು ಕನ್ನಡ ಮತ್ತು ಸಮಾಜ ವಿಜ್ಞಾನ. 16 ವಾರಗಳಲ್ಲಿ ಎಷ್ಟು ಪಾಠ ಮಾಡಿದೆ, ಯಾವ ಬೋಧನೋಪಕರಣ ಬಳಸಿದೆ, ಎಷ್ಟು ಸಹಪಾಠಿಗಳ ಪಾಠ ವೀಕ್ಷಿಸಿದೆ ಎಂಬುದೆಲ್ಲ ನನ್ನ ದಾಖಲೆ ಪುಸ್ತಕದಲ್ಲಿದೆ. ಇಲ್ಲಿ ಬರೆಯಲು ಹೊರಟಿರುವುದು ಆ ಪುಸ್ತಕದಲ್ಲಿ ಒಂದೇ ಸಾಲಿಗೆ ಮುಗಿದುಹೋದ ಸಂಗತಿ. ಆ ಸಾಲು ಹೀಗಿದೆ: "ವಿದ್ಯಾರ್ಥಿವೇತನದ ಅರ್ಜಿ ಸಂಬಂಧ ಪೋಷಕರನ್ನು ಕರೆಸಲಾಯಿತು."

ನಾನು ಹೋದ ಎರಡನೇ ವಾರದಲ್ಲೇ ಪಿಯು ವಿಭಾಗದ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗಳ ಗಡಿಬಿಡಿ ಶುರುವಾಗಿತ್ತು. ಉಸ್ತುವಾರಿ ಉಪನ್ಯಾಸಕರು ಒಬ್ಬರೇ. ಅವರಿಗೆ ವಾರಕ್ಕೆ ಇಪ್ಪತ್ತು ತರಗತಿ ಬೇರೆ. "ನಿಮಗೆ ಕಂಪ್ಯೂಟರ್ ಬರುತ್ತಲ್ಲಮ್ಮ, ಮಧ್ಯಾಹ್ನದ ಮೇಲೆ ಸ್ವಲ್ಪ ಕೈಜೋಡಿಸಿ" ಎಂದು ನನ್ನ ಮಾರ್ಗದರ್ಶಿ ಶಿಕ್ಷಕರ ಮೂಲಕ ಹೇಳಿ ಕಳಿಸಿದರು. ನನಗೂ ಖುಷಿಯಾಯಿತು. ಕಾರಿಡಾರಿನ ಕೊನೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಅಂಟಿಸಿದ ದಾಖಲೆಗಳ ಪಟ್ಟಿ. ಮಕ್ಕಳು ಸಾಲಾಗಿ ಬರುತ್ತಿದ್ದರು. ಏನಾದರೂ ಕೊರತೆ ಕಂಡರೆ ನಾನು ಹೇಳುತ್ತಿದ್ದ ಮಾತು ಒಂದೇ: "ನಾಳೆ ನಿಮ್ಮ ಪೋಷಕರನ್ನ ಕರ್ಕೊಂಡು ಬಾ."

ಪ್ರಥಮ ಪಿಯು ಕಲಾ ವಿಭಾಗದ ಒಬ್ಬ ಹುಡುಗಿಗೂ ಹಾಗೇ ಹೇಳಿದೆ. ಅವಳ ಜಾತಿ ಮತ್ತು ಆದಾಯ ಪ್ರಮಾಣಪತ್ರ ಆರನೇ ತರಗತಿಗೆ ಸೇರುವಾಗ ಮಾಡಿಸಿದ್ದು. ಆದಾಯದ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ, ಅದು ಮುಗಿದಿತ್ತು. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕಿದರೆ ತೆಗೆದುಕೊಳ್ಳಲಿಲ್ಲ.

ಮರುದಿನ ಅವಳ ತಾಯಿ ಬಂದರು. ಶೇಂಗಾ ಕೀಳುವ ಕಾಲ. ಸೆರಗಿನ ಅಂಚಿಗೆ ಇನ್ನೂ ಕೆಂಪು ಮಣ್ಣು ಹತ್ತಿತ್ತು. ನಾನು ಪ್ರಮಾಣಪತ್ರ ತೋರಿಸಿ, "ಇದರ ಅವಧಿ ಮುಗಿದಿದೆ ಅಮ್ಮ, ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಹಾಕಿ, ಬಂದ ಮೇಲೆ ತಗೊಂಡು ಬನ್ನಿ" ಎಂದೆ. ಎರಡು ನಿಮಿಷದ ಕೆಲಸ. ಅವರು ತಲೆಯಾಡಿಸಿ ಹೋದರು. ಆ ಎರಡು ನಿಮಿಷದ ಮಾತನ್ನು ಮಗಳ ಕೈಯಲ್ಲಿ ಒಂದು ಚೀಟಿ ಬರೆದುಕೊಟ್ಟು ಕಳಿಸಬಹುದಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ಮೂರು ವಾರದ ನಂತರ ಹೊಸ ಪ್ರಮಾಣಪತ್ರದೊಂದಿಗೆ ಮತ್ತೆ ಬಂದರು. ಆರ್‌ಡಿ ಸಂಖ್ಯೆ ಈ ಸಲ ಸರಿಹೋಯಿತು. ಆದರೆ ಮುಂದಿನ ಹೆಜ್ಜೆಗೆ ಹುಡುಗಿಯ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಹೋಗುತ್ತದೆ. ಆ ಸಂಖ್ಯೆ ಅಪ್ಪನದು. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾರೆ. ಫೋನ್ ಮಾಡಿದರೆ ರಿಂಗಾಯಿತೇ ಹೊರತು ಎತ್ತಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣಿಗೆ ಇನ್ನೊಂದು ಬಿತ್ತು: ತಾಯಿಯ ಆಧಾರ್‌ನಲ್ಲಿ ಹೆಸರಿನ ಮೊದಲು 'ಸಣ್ಣ' ಎಂದಿದೆ, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದಿಲ್ಲ.

"ಹೆಸರು ಬೇರೆ ಬೇರೆ ಇದೆಯಲ್ಲಮ್ಮ" ಎಂದೆ.

"ನಮ್ಮತ್ತೆದೂ ಅದೇ ಹೆಸ್ರು ಮೇಡಮ್ಮ. ಅವರು ದೊಡ್ಡೋರು, ನಾನು ಸಣ್ಣೋಳು."

ಹಿಂದೆ ಹನ್ನೆರಡು ಜನ ನಿಂತಿದ್ದರು. ನನಗೆ ತಾಳ್ಮೆ ತಪ್ಪಿತು. "ಇದನ್ನೆಲ್ಲ ಮೊದಲೇ ಸರಿ ಮಾಡಿಸ್ಕೊಂಡು ಬರಬಾರದಾ? ಮಗಳ ಓದಿನ ವಿಷಯ ಅಲ್ವಾ?" ಎಂದುಬಿಟ್ಟೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ ಹೇಳಿದರು: "ಏನೇನು ಬೇಕು ಅಂತ ಒಂದೇ ಸಲ ಹೇಳ್ಬಿಡ್ರಿ ಮೇಡಮ್ಮ. ಬಸ್ಸಿಗೇನೋ ದುಡ್ಡಿಲ್ಲ ಈಗ. ಕೂಲಿ ಹೋಗ್ತದಲ್ಲ. ನಾನು ಓದಿಲ್ಲ, ಆದ್ರೆ ಹೇಳಿದ್ದು ನೆನಪಿಟ್ಕಂತೀನಿ."

ಸಂಜೆ ಉಪನ್ಯಾಸಕರಿಗೆ ಈ ಪ್ರಕರಣ ಹೇಳಿದೆ. ಅವರು ಅಂಕಪಟ್ಟಿ ನೋಡಿ, "ಹುಡುಗಿಯ ಹೆಸರು ಆಧಾರ್‌ನಲ್ಲೂ ಇದರಲ್ಲೂ ಒಂದೇ ಇದೆಯಲ್ಲ. ತಾಯಿ ಹೆಸರಿಗೆ 'ಸಣ್ಣ' ಸೇರಿದ್ದಕ್ಕೆ ವಾಪಸ್ ಕಳಿಸಬೇಕಾಗಿರಲಿಲ್ಲ" ಎಂದರು. ಒಟಿಪಿಗೂ ತಾಯಿ ಬಂದು ನಿಲ್ಲಬೇಕಾಗಿರಲಿಲ್ಲ, ಅಪ್ಪನಿಗೆ ಬಿಡುವಿನ ಹೊತ್ತು ಕೇಳಿಕೊಂಡರೆ ಸಾಕಿತ್ತು. ಅಂದರೆ ಅವರ ಎರಡು ದಿನದ ಕೂಲಿಯಲ್ಲಿ ಒಂದೂ ಅರ್ಜಿಗೆ ಬೇಕಾಗಿ ಹೋದದ್ದಲ್ಲ. ಒಂದು ದಿನ ನನ್ನ ಅಭ್ಯಾಸಬಲಕ್ಕೆ, ಇನ್ನೊಂದು ನನ್ನ ಅಜ್ಞಾನಕ್ಕೆ ಹೋಯಿತು.

ಇದಕ್ಕೇನಾದರೂ ಮಾಡಬೇಕು ಅನ್ನಿಸಿತು. ಆ ವಾರ ಹತ್ತನೇ ತರಗತಿಗೆ ಪತ್ರಲೇಖನದ ಪಾಠ ನನ್ನ ಪಾಲಿಗಿತ್ತು. ಇನ್ನು ಕೆಲವೇ ತಿಂಗಳಲ್ಲಿ ಈ ಮಕ್ಕಳೂ ಅದೇ ಮೇಜಿನ ಮುಂದೆ ನಿಲ್ಲುವವರು. ಹಾಗಾಗಿ ಪಾಠಯೋಜನೆ ಬದಲಿಸಿ, 'ವಿದ್ಯಾರ್ಥಿವೇತನ ಕೋರಿ ಪ್ರಾಂಶುಪಾಲರಿಗೆ ಪತ್ರ' ಎಂದು ತೆಗೆದುಕೊಂಡೆ. ಕಪ್ಪುಹಲಗೆಯ ಮೇಲೆ ನಮೂನೆ ಬರೆದೆ. ತಂದೆಯ ಹೆಸರು, ಉದ್ಯೋಗ, ಕುಟುಂಬದ ವಾರ್ಷಿಕ ಆದಾಯ ಎಂದು ಬಿಟ್ಟ ಸ್ಥಳಗಳು. ಐದು ನಿಮಿಷ ಕೊಟ್ಟು, ಮೂರನೇ ಬೆಂಚಿನ ಒಬ್ಬ ಹುಡುಗನನ್ನು ಎಬ್ಬಿಸಿ ಬರೆದದ್ದನ್ನು ಓದಲು ಹೇಳಿದೆ.

ಅವನು ತಂದೆಯ ಹೆಸರು ಓದಿದ. ಉದ್ಯೋಗದ ಹತ್ತಿರ ಬಂದು ನಿಂತ. ಪುಸ್ತಕವನ್ನು ಎದೆಗೆ ಹತ್ತಿರ ತಂದುಕೊಂಡ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು "ಓದಪ್ಪ, ಇದರಲ್ಲಿ ನಾಚಿಕೆ ಏನು?" ಎಂದೆ. ಅವನು ಓದಲಿಲ್ಲ. ಕೂರಿಸಿದೆ. ಉಳಿದ ಅರ್ಧ ಗಂಟೆ ಪಾಠ ನಡೆಯಿತು, ಮೌಲ್ಯಮಾಪನದ ಪ್ರಶ್ನೆಗಳಿಗೆ ಉತ್ತರವೂ ಬಂತು. ಆದರೆ 'ಇದರಲ್ಲಿ ನಾಚಿಕೆ ಏನು' ಎಂಬ ನನ್ನ ಮಾತೇ ನನ್ನ ಕಿವಿಯಲ್ಲಿ ಉಳಿಯಿತು. ಆ ಮಾತು ಹೇಳುವ ಅರ್ಹತೆ ಇಲ್ಲದವಳು ಆ ಕೊಠಡಿಯಲ್ಲಿ ಯಾರಾದರೂ ಇದ್ದರೆ ಅದು ನಾನೇ.

ನಮ್ಮಪ್ಪ ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲಿ. ಮೆಕ್ಕೆಜೋಳದ ಚೀಲ ಹೊರುತ್ತಾರೆ. ನಾನು ಬಿ.ಎ. ಸೇರಿದ ವರ್ಷ ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕು ಎಂದಾಗ ಅಪ್ಪ ಒಪ್ಪಲಿಲ್ಲ. "ಬಡವ ಅಂತ ಬರೆಸ್ಕೊಂಡು ಮಗಳನ್ನ ಓದಿಸೋ ಗತಿ ನನಗೆ ಬಂದಿಲ್ಲ. ನಾನಿದೀನಿ" ಅಂದರು. ನಾನು ಜಗಳವಾಡಿದೆ. ಹಟಮಾರಿ ಎಂದೆ. ಆ ವರ್ಷ ಅರ್ಜಿ ಹಾಕಲಿಲ್ಲ. ಪುಸ್ತಕಕ್ಕೆ, ಶುಲ್ಕಕ್ಕೆ ಅಪ್ಪ ಎಲ್ಲಿಂದಲೋ ತಂದುಕೊಟ್ಟರು. ಅದು ಮಂಡಿಯಲ್ಲಿ ಮುಂಗಡ ಪಡೆದ ದುಡ್ಡು, ರಾತ್ರಿ ಲಾರಿಗೂ ಹೋಗಿ ತೀರಿಸುತ್ತಿದ್ದಾರೆ ಎಂದು ಅಮ್ಮ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಎರಡನೇ ವರ್ಷ ಅಪ್ಪ ತಾವೇ ಹೋಗಿ ಪ್ರಮಾಣಪತ್ರ ಮಾಡಿಸಿದರು. ಕೊನೆಯ ದಿನ ಹತ್ತಿರವಾಗಿತ್ತು. ಕೆಲಸದ ಮಧ್ಯೆಯೇ ಅದನ್ನು ಕೊಡಲು ಕಾಲೇಜಿನ ಗೇಟಿಗೆ ಬಂದರು. ಹೆಗಲ ಮೇಲೆ ಟವೆಲ್, ಅಂಗಿಯೆಲ್ಲ ಜೋಳದ ದೂಳು. ಒಳಗೆ ಬರಲಿಲ್ಲ. ಕಾವಲುಗಾರನ ಕೈಯಲ್ಲಿ ಹೇಳಿ ಕಳಿಸಿದರು. ನಾನು ಹೋಗಿ ಕವರು ತೆಗೆದುಕೊಂಡು ತಿರುಗಿ ಬಂದೆ. ಗೆಳತಿಯೊಬ್ಬಳು "ಯಾರೇ ಅದು?" ಎಂದಳು. "ನಮ್ಮ ಕಡೆಯವರು" ಎಂದೆ.

ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸುವಷ್ಟು ಹತ್ತಿರದಲ್ಲೇ ಇದ್ದರು.

ಹೀಗಿದ್ದವಳು ನಾನು, ಮೂರು ವಾರದಿಂದ ಮೇಜಿನ ಈಚೆ ಕೂತು "ಪೋಷಕರನ್ನ ಕರ್ಕೊಂಡು ಬಾ" ಎಂದು ಎಲ್ಲರಿಗೂ ಹೇಳುತ್ತಿದ್ದೆ. ಕರೆದುಕೊಂಡು ಬರುವ ಮಗುವಿಗೆ ಏನನ್ನಿಸುತ್ತದೆ, ಬಂದು ಕಾರಿಡಾರಿನಲ್ಲಿ ನಿಲ್ಲುವವರಿಗೆ ಏನನ್ನಿಸುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಮುಂದಿನ ಭಾನುವಾರ ಆ ಹುಡುಗಿಯ ಊರಿಗೆ ನಾನೇ ಹೋದೆ. ಹೋಬಳಿ ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ತಾಯಿ ಜಗಲಿಯ ಮೇಲೆ ಚಾಪೆ ಹಾಸಿ, ಒಳಗಿನಿಂದ ಅದೇ ಪ್ಲಾಸ್ಟಿಕ್ ಚೀಲ ತಂದರು. ಕ್ಷಮೆ ಕೇಳಿದೆ. "ಅಯ್ಯೋ, ಬಿಡ್ರಿ" ಎಂದು ಚೀಲ ಬಿಚ್ಚಿದರು.

ಅಕ್ಷರ ಬಾರದ ಆಕೆಗೆ ಆ ಚೀಲದ ಪ್ರತಿ ಕಾಗದವೂ ಗೊತ್ತು. ಗಂಡನವು ನಾಲ್ಕು ಮಡಿಕೆ, ಅತ್ತೆಯವು ಎರಡು ಮಡಿಕೆ. ಮಗಳವು ಮಾತ್ರ ಹಳೆಯ ಕ್ಯಾಲೆಂಡರ್ ರಟ್ಟಿನ ನಡುವೆ ಮಡಿಕೆಯಿಲ್ಲದೆ ಇದ್ದವು. "ಮಡಿಚಿದ್ರೆ ಝೆರಾಕ್ಸ್‌ನಾಗೆ ಗೆರೆ ಬರ್ತದೆ ಅಂತ ಅಂಗಡಿಯೋರು ಹೇಳಿದ್ರು" ಎಂದರು. ನಾನು ಪಟ್ಟಿ ಓದುತ್ತ ಹೋದೆ, ಅವರು ಒಂದೊಂದನ್ನೇ ತೆಗೆದು ಇಟ್ಟರು. ನಾನು ಬ್ಯಾಂಕ್ ಪಾಸ್‌ಬುಕ್ ಎಂದಾಗ ಹುಡುಗಿ ಒಂದನ್ನು ಕೊಟ್ಟಳು. ತಾಯಿ ತಡೆದರು: "ಇನ್ನೊಂದೈತಲ್ಲ. ಅಂಚೆಯಣ್ಣ ಮನೆ ಹತ್ರ ಬಂದು ಬೆರಳೊತ್ತಿಸ್ಕೊಂಡು ಮಾಡಿಕೊಟ್ಟಿದ್ದು." ಹುಡುಗಿಗೆ ಅದು ಮರೆತೇ ಹೋಗಿತ್ತು.

ಇದು ಸಣ್ಣ ವಿಷಯವಲ್ಲ. ನೇರ ವರ್ಗಾವಣೆಯ ಹಣ ನಾವು ಬರೆದುಕೊಟ್ಟ ಖಾತೆಗೇ ಬರಬೇಕೆಂದಿಲ್ಲ. ಒಬ್ಬರ ಹೆಸರಿನಲ್ಲಿ ಎಷ್ಟೇ ಖಾತೆಗಳಿದ್ದರೂ, ಕೊನೆಯದಾಗಿ ಯಾವುದನ್ನು ಆಧಾರ್‌ನೊಂದಿಗೆ ಹಣ ಪಡೆಯಲು ಜೋಡಿಸಲಾಗಿದೆಯೋ ಅದಕ್ಕೇ ಹೋಗುತ್ತದೆ. ಆಧಾರ್ ಜಾಲತಾಣದಲ್ಲಿ ನೋಡಿದೆವು. ಜೋಡಣೆಯಾಗಿದ್ದದ್ದು ಅಂಚೆಯ ಖಾತೆಯೇ. "ಸ್ಕಾಲರ್‌ಶಿಪ್ ಬರಲೇ ಇಲ್ಲ" ಎಂದು ಬ್ಯಾಂಕಿಗೆ ಅಲೆಯುವ ಎಷ್ಟೋ ಮಕ್ಕಳ ಹಣ ಹೀಗೆ ಮರೆತ ಖಾತೆಯಲ್ಲಿ ಬಿದ್ದಿರುತ್ತದೆ. ನನಗಾಗಲಿ ಹುಡುಗಿಗಾಗಲಿ ತಿಳಿಯದ ಇದನ್ನು ಹೇಳಿದ್ದು ಆ ತಾಯಿ.

ಅಪ್ಪನಿಗೆ ಫೋನ್ ಮಾಡಿ, ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಕೈಯಲ್ಲಿಟ್ಟುಕೊಂಡಿರಲು ಹೇಳಿದೆವು. ಸೋಮವಾರ ಒಂದೂಕಾಲಿಗೆ ಕರೆ ಮಾಡಿದಾಗ ಹಿಂದೆ ಕಾಂಕ್ರೀಟ್ ಯಂತ್ರದ ಸದ್ದು ಕೇಳುತ್ತಿತ್ತು. ಒಟಿಪಿ ಬಂತು. ಅವರು ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ, ಎರಡೆರಡು ಸಲ ಓದಿದರು. "ಸರಿಹೋಯ್ತಾ ಮೇಡಂ? ಇನ್ನೊಂದ್ಸಲ ಓದ್ಲಾ?" ಎಂದರು. ಅರ್ಜಿ ಸಲ್ಲಿಕೆಯಾಯಿತು. ಆ ದಿನ ತಾಯಿ ಹೊಲದಲ್ಲಿದ್ದರು, ಕೂಲಿ ತಪ್ಪಲಿಲ್ಲ.

ಅರ್ಜಿಯಲ್ಲಿ ಪೋಷಕರ ಪಾತ್ರ ಎಂದರೆ ಸಹಿ ಎಂದೇ ನಾನು ತಿಳಿದಿದ್ದೆ. ಆ ವಾರ ಕೂತು ನಾಲ್ಕು ಯೋಜನೆಗಳ ಷರತ್ತು ಓದಿದೆ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಷ್ಟು ಹಿಂದಿನದು. ಅದಕ್ಕೆ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂ. ಮೀರಿರಬಾರದು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪಿಯು ಹುಡುಗರಿಗೆ 2,500 ರೂ., ಹುಡುಗಿಯರಿಗೆ 3,000 ರೂ.; ಅದಕ್ಕೆ ಆಧಾರ ರೈತರ ಫ್ರೂಟ್ಸ್ ನೋಂದಣಿ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯವಿದೆ. ತಂದೆ ಅಥವಾ ತಾಯಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂ.; ಅದಕ್ಕೂ ಪೋಷಕರ ಆದಾಯದ ಮಿತಿ 3.5 ಲಕ್ಷ ರೂ. ಓದುವುದು ಮಗು. ಆದರೆ ಬಾಗಿಲು ತೆರೆಯುವುದು ಅಪ್ಪ ಅಮ್ಮನ ದುಡಿಮೆಯ ದಾಖಲೆಯಿಂದ. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಆ ತಂದೆಗೆ ಕಾರ್ಮಿಕ ಕಾರ್ಡೇ ಇರಲಿಲ್ಲ. ಒಟಿಪಿ ಓದಿಸಿಕೊಂಡ ಫೋನಿನಲ್ಲೇ ಅದನ್ನೂ ಹೇಳಿದೆ.

ಹಾಗೆ ನೋಡಿದರೆ ಪೋಷಕರೇ ಮಾಡಬೇಕಾದ ಕೆಲಸ ಮೂರು. ದುಡಿಮೆಯ ನಿಜ ಲೆಕ್ಕವನ್ನು ಕಚೇರಿಯ ಮುಂದೆ ಹೇಳುವುದು, ಮನೆಯ ಕಾಗದಗಳನ್ನು ಕಾಪಾಡುವುದು, ಮಗಳು ಓದಲಿ ಎಂದು ಒಪ್ಪುವುದು. ಮೊದಲನೆಯದು ಎಷ್ಟು ಕಷ್ಟ ಎಂಬುದು ನಮ್ಮಪ್ಪನ ಮಗಳಾದ ನನಗೆ ಗೊತ್ತಿರಬೇಕಿತ್ತು. ಉಳಿದದ್ದೆಲ್ಲ ನಾವು ಮಾಡಬಹುದಾದ ಕೆಲಸ. ಪೋರ್ಟಲ್ ತೆರೆಯುವುದು, ಅವಧಿ ನೋಡುವುದು, ಯಾವ ವ್ಯತ್ಯಾಸ ಮುಖ್ಯ, ಯಾವುದು ಅಲ್ಲ ಎಂದು ಕೇಳಿ ತಿಳಿಯುವುದು, ಬೇಕಾದದ್ದನ್ನು ಒಂದೇ ಸಲ ಹೇಳುವುದು. ಇವನ್ನೂ ಅವರ ಮೇಲೆ ಹೊರಿಸಿ, ಆಗದಿದ್ದಾಗ "ಪೋಷಕರಿಗೆ ಕಾಳಜಿಯಿಲ್ಲ" ಎಂದು ಸಿಬ್ಬಂದಿ ಕೊಠಡಿಯಲ್ಲಿ ಮಾತಾಡುವುದನ್ನು ನಾನು ಕೇಳಿದ್ದೇನೆ. ಮೊದಲ ಮೂರು ವಾರ ನಾನೂ ಹಾಗೇ ಮಾತಾಡಿದ್ದೇನೆ.

ಹತ್ತನೇ ತರಗತಿಯ ಆ ಪಾಠವನ್ನು ಮಾರ್ಗದರ್ಶಿ ಶಿಕ್ಷಕರ ಅನುಮತಿ ಪಡೆದು ಮತ್ತೊಮ್ಮೆ ಮಾಡಿದೆ. ಈ ಸಲ ಅರ್ಜಿದಾರಳು ಕಪ್ಪುಹಲಗೆಯ ಮೇಲಿನ ಒಬ್ಬ ಕಲ್ಪಿತ ಹುಡುಗಿ. ಅವಳ ತಂದೆಯ ಉದ್ಯೋಗ ಹಮಾಲಿ ಎಂದು ನಾನೇ ಬರೆದೆ. ಬರೆದು ತಿರುಗಿ, "ನಮ್ಮ ತಂದೆಯೂ ಇದೇ ಕೆಲಸ ಮಾಡೋದು" ಎಂದೆ. ಹೇಳುವಾಗ ಗಂಟಲು ಒಣಗಿತ್ತು. ತರಗತಿ ಒಂದು ಗಳಿಗೆ ಸುಮ್ಮನಿತ್ತು, ಆಮೇಲೆ ಎಲ್ಲರೂ ಪುಸ್ತಕ ತೆಗೆದು ಬರೆಯಲು ಶುರುಮಾಡಿದರು. ಮನೆಗೆಲಸವಾಗಿ ಕೊಟ್ಟದ್ದು ಇಷ್ಟು: ಮನೆಯ ಹಿರಿಯರ ಜೊತೆ ಕೂತು ಆಧಾರ್, ಪಡಿತರ ಚೀಟಿ, ಜಾತಿ-ಆದಾಯ ಪ್ರಮಾಣಪತ್ರ ಮೂರನ್ನೂ ಓದಿ ಹೇಳಿ, ನಿಮ್ಮ ಹೆಸರು ಎಲ್ಲದರಲ್ಲೂ ಒಂದೇ ಇದೆಯೇ, ಪ್ರಮಾಣಪತ್ರದ ಅವಧಿ ಯಾವಾಗ ಮುಗಿಯುತ್ತದೆ, ಆಧಾರ್‌ಗೆ ಯಾರ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ ಎಂದು ನೋಡಿ. ಬರೆದದ್ದನ್ನು ನನಗೆ ತೋರಿಸುವುದು ಬೇಡ. ಸಂದೇಹವಿದ್ದವರು ಮಾತ್ರ ಮಧ್ಯಾಹ್ನ ಬನ್ನಿ.

ಪಾಠ ವೀಕ್ಷಿಸಿದ ನಮ್ಮ ಕಾಲೇಜಿನ ಮೇಲ್ವಿಚಾರಕರು "ತೋರಿಸದ ಮನೆಗೆಲಸವನ್ನು ಮೌಲ್ಯಮಾಪನ ಮಾಡುವುದು ಹೇಗೆ?" ಎಂದು ಷರಾ ಬರೆದರು. ಅದು ನ್ಯಾಯವಾದ ಪ್ರಶ್ನೆ. ನನ್ನ ಬಳಿ ಅಳತೆಗೋಲಿನ ಉತ್ತರವಿಲ್ಲ. ಮಾರನೆಯ ಮಧ್ಯಾಹ್ನ ಏಳು ಮಕ್ಕಳು ಬಂದರು ಎಂದಷ್ಟೇ ಹೇಳಬಲ್ಲೆ. ಅವರಲ್ಲಿ ಮೂರನೇ ಬೆಂಚಿನ ಆ ಹುಡುಗನೂ ಇದ್ದ. ಅವನ ಪ್ರಮಾಣಪತ್ರದ ಅವಧಿ ಮಾರ್ಚ್‌ಗೆ ಮುಗಿಯುವುದಿತ್ತು. ಅಂಕಪಟ್ಟಿಯಲ್ಲಿ ಹೆಸರು ಹೇಗಿರಬೇಕೆಂದು ಸರಿಪಡಿಸಿಕೊಳ್ಳಲು ಇನ್ನಿಬ್ಬರಿಗೆ ಸಮಯವಿತ್ತು.

ನಾನು ಅಲ್ಲಿಂದ ಬರುವ ದಿನದವರೆಗೆ ಆ ಹುಡುಗಿಯ ಹಣ ಬಂದಿರಲಿಲ್ಲ, ಅರ್ಜಿ ಪರಿಶೀಲನೆಯಲ್ಲಿತ್ತು. ಅಂಚೆಯ ಪಾಸ್‌ಬುಕ್ ಮಾತ್ರ ಈಗ ಕ್ಯಾಲೆಂಡರ್ ರಟ್ಟಿನ ನಡುವೆ ಸೇರಿದೆ.

ಮುಂದಿನ ವರ್ಷ ಶಾಲಾನುಭವಕ್ಕೆ ಹೋಗುವ ತಂಗಿ ತಮ್ಮಂದಿರಿಗೆ ನನ್ನದು ಒಂದೇ ಮನವಿ. ಪೋಷಕರನ್ನು ಕರೆಸುವ ಮೊದಲು, ಅವರು ಬಂದೇ ಆಗಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ಬರಲೇಬೇಕಾದರೆ ಅವರ ಬಿಡುವು ಕೇಳಿ, ಬೇಕಾದದ್ದನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು ಕಳಿಸಿ, ಬಂದಾಗ ಕುರ್ಚಿ ಕೊಡಿ.

ನನ್ನದೊಂದು ಕೆಲಸ ಬಾಕಿ ಇದೆ. ಅಪ್ಪನಿಗೆ ಓದಲು ಬರುವುದಿಲ್ಲ. ಈ ಸಂಚಿಕೆ ಕೈಸೇರಿದ ಮೇಲೆ ಊರಿಗೆ ಹೋಗಿ ಇದನ್ನು ಅವರಿಗೆ ಓದಿ ಹೇಳಬೇಕು. ಗೇಟಿನ ಹತ್ತಿರದ ಆ ಮಾತನ್ನೂ ಬಿಡದೆ.